ಫ್ರಾಂಚೈಸಿ ಮಾಲೀಕರ ಮೇಲೆ ಕ್ರಿಮಿನಲ್ ಕೇಸ್ ಬಿದ್ದರೆ ಒಪ್ಪಂದದ ಗತಿ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ 'ಕಂಪನಿ' ಅಂದರೆ ಬ್ರ್ಯಾಂಡ್ ಯಾರದ್ದೋ ಅವರು. 'ಮಾಲೀಕ' ಅಂದರೆ ಆ ಬ್ರ್ಯಾಂಡ್ ಹೆಸರಲ್ಲಿ ಸ್ವಂತ ದುಡ್ಡು ಹಾಕಿ ಮಳಿಗೆ ನಡೆಸುವವರು. ಎರಡೂ ಕಡೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಓದಿದ ಮೇಲೆ ನಿಮ್ಮ ಒಪ್ಪಂದದ ಪ್ರತಿ ಹಿಡಿದುಕೊಂಡು ವಕೀಲರ ಮುಂದೆ ಕೂರುವ ಕೆಲಸ ಇದ್ದೇ ಇರುತ್ತದೆ. ಅದನ್ನು ಯಾವ ಪುಟವೂ ಮಾಡಿಕೊಡುವುದಿಲ್ಲ.

## ಮಾಲೀಕ ಅಪರಾಧ ಮಾಡಿದರೆ ಒಪ್ಪಂದ ತಾನಾಗೇ ಮುರಿದು ಬೀಳುತ್ತಾ?

ಸಾಮಾನ್ಯವಾಗಿ ಇಲ್ಲ. ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದು ಇಲ್ಲೇ. ಅಪರಾಧ ನಡೆದರೆ ಕಂಪನಿಗೆ ಒಪ್ಪಂದ ರದ್ದು ಮಾಡುವ ಹಕ್ಕು ಸಿಗಬಹುದು, ಅಷ್ಟೇ. ಆ ಹಕ್ಕನ್ನು ಬಳಸಬೇಕೋ ಬೇಡವೋ ಅನ್ನುವುದು ಕಂಪನಿಗೆ ಬಿಟ್ಟಿದ್ದು. ಬಳಸುವುದಾದರೆ ಒಪ್ಪಂದದಲ್ಲಿ ಹೇಳಿದ ರೀತಿಯಲ್ಲೇ ಲಿಖಿತ ನೋಟಿಸ್ ಕೊಡಬೇಕು. ಆ ನೋಟಿಸ್ ತಲುಪಿ ಜಾರಿಗೆ ಬರುವವರೆಗೂ ಒಪ್ಪಂದ ಜೀವಂತವಾಗಿರುತ್ತದೆ. ಮಾಲೀಕ ರಾಯಲ್ಟಿ (ಬ್ರ್ಯಾಂಡ್ ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು) ಕಟ್ಟಬೇಕು. ಕಂಪನಿ ಸರಕು ಕಳಿಸಬೇಕು, ಸಾಫ್ಟ್‌ವೇರ್ ಚಾಲೂ ಇಡಬೇಕು.

ಪೊಲೀಸರು ಬಂದು ಹೋದ ಮರುದಿನವೇ ಬಿಲ್ಲಿಂಗ್ ಸಿಸ್ಟಂ ಲಾಕ್ ಮಾಡುವ ಕಂಪನಿಗಳಿವೆ. ನೋಟಿಸ್ ಇಲ್ಲದೆ ಹೀಗೆ ಮಾಡಿದರೆ ಒಪ್ಪಂದ ಮುರಿದ ಪಕ್ಷ ಕಂಪನಿಯೇ ಆಗಿಬಿಡಬಹುದು. ಅಪರಾಧಿ ಸ್ಥಾನದಲ್ಲಿದ್ದ ಮಾಲೀಕ ಆಮೇಲೆ ಪರಿಹಾರ ಕೇಳುವ ಸ್ಥಾನಕ್ಕೆ ಬಂದು ಕೂರುತ್ತಾನೆ.

## ಬಂಧನ, ಆರೋಪಪಟ್ಟಿ, ಶಿಕ್ಷೆ: ಇವುಗಳಲ್ಲಿ ಯಾವ ಹಂತದಲ್ಲಿ ರದ್ದು ಮಾಡಬಹುದು?

ಉತ್ತರ ನಿಮ್ಮ ಒಪ್ಪಂದದ ಒಂದೇ ಒಂದು ಷರತ್ತಿನಲ್ಲಿದೆ. ಅದು ಹೆಚ್ಚು ಕಡಿಮೆ ಹೀಗಿರುತ್ತದೆ:

"ಮಾಲೀಕರು ಅಥವಾ ಅವರ ಯಾವುದೇ ಪ್ರಮುಖ ಪಾಲುದಾರರು ಗಂಭೀರ ಅಪರಾಧದಲ್ಲಿ, ವಂಚನೆಯಲ್ಲಿ, ಅಥವಾ ಕಂಪನಿಯ ಅಭಿಪ್ರಾಯದಲ್ಲಿ ಬ್ರ್ಯಾಂಡ್ ಹೆಸರಿಗೆ ಧಕ್ಕೆ ತರಬಹುದಾದ ಇನ್ಯಾವುದೇ ಅಪರಾಧದಲ್ಲಿ ದೋಷಿ ಎಂದು ತೀರ್ಮಾನವಾದರೆ, ಅಥವಾ ತಪ್ಪೊಪ್ಪಿಕೊಂಡರೆ, ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡದೆ ನೋಟಿಸ್ ತಲುಪಿದ ಕೂಡಲೇ ಕಂಪನಿಯು ಒಪ್ಪಂದವನ್ನು ರದ್ದು ಮಾಡಬಹುದು."

ಒಂದೊಂದೇ ತುಂಡು ನೋಡೋಣ.

"ದೋಷಿ ಎಂದು ತೀರ್ಮಾನವಾದರೆ" ಎಂದಿದ್ದರೆ ಎಫ್‌ಐಆರ್ ಸಾಲದು, ಬಂಧನವೂ ಸಾಲದು. ಕೋರ್ಟ್ ತೀರ್ಪು ಬರಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯಬಹುದು. ಅದಕ್ಕೇ ಕೆಲವು ಕಂಪನಿಗಳು "ಆರೋಪ ಹೊರಿಸಲ್ಪಟ್ಟರೆ" ಎಂದು ಸೇರಿಸುತ್ತವೆ. ಮಾಲೀಕರಾದವರು ಈ ಮಾತಿಗೆ ಸುಮ್ನೆ ಸಹಿ ಹಾಕಬಾರದು. ಆರೋಪ ಯಾರ ಮೇಲೆ ಬೇಕಾದರೂ ಬರಬಹುದು. ಎದುರಾಳಿ ವ್ಯಾಪಾರಿ ಕೊಟ್ಟ ದೂರಿನಿಂದಲೂ ಬರಬಹುದು.

"ತಪ್ಪೊಪ್ಪಿಕೊಂಡರೆ" ಅನ್ನುವುದು ಚಿಕ್ಕ ಮಾತು, ದೊಡ್ಡ ಬಲೆ. ಕಡಿಮೆ ದಂಡಕ್ಕೆ ಮುಗಿಯುತ್ತದೆ ಎಂದು ಕ್ರಿಮಿನಲ್ ವಕೀಲರು ರಾಜಿ ಮಾಡಿಸುತ್ತಾರೆ. ಅವರ ಪ್ರಕಾರ ಅದು ಒಳ್ಳೆಯ ಫಲಿತಾಂಶವೇ. ಆದರೆ ಆ ಒಂದು ಸಹಿಯಿಂದ ಮಳಿಗೆ ಹೋಗಬಹುದು. ಅಮೆರಿಕದಲ್ಲಿ ತಪ್ಪನ್ನು ಒಪ್ಪದೆ, ನಿರಾಕರಿಸದೆ ಶಿಕ್ಷೆಯನ್ನು ಮಾತ್ರ ಸ್ವೀಕರಿಸುವ ಪದ್ಧತಿಯೂ ಇದೆ. ಅಲ್ಲಿನ ಅನೇಕ ಒಪ್ಪಂದಗಳು ಅದನ್ನೂ ಶಿಕ್ಷೆಗೆ ಸಮ ಎಂದೇ ಎಣಿಸುತ್ತವೆ. ಕ್ರಿಮಿನಲ್ ವಕೀಲರಿಗೆ ಫ್ರಾಂಚೈಸಿ ಒಪ್ಪಂದದ ಪ್ರತಿ ಮೊದಲೇ ಕೊಟ್ಟಿರಿ.

"ಕಂಪನಿಯ ಅಭಿಪ್ರಾಯದಲ್ಲಿ" ಅನ್ನುವುದು ಕಂಪನಿಗೆ ಕೊಟ್ಟ ಖಾಲಿ ಚೆಕ್. "ಸಮಂಜಸ ಅಭಿಪ್ರಾಯದಲ್ಲಿ" ಎಂದು ತಿದ್ದಿಸಿಕೊಂಡರೂ ಸಾಕು, ನಾಳೆ ನ್ಯಾಯಾಲಯದಲ್ಲಿ ಆ ಅಭಿಪ್ರಾಯವನ್ನು ಪ್ರಶ್ನಿಸಲು ಜಾಗ ಸಿಗುತ್ತದೆ.

ಇನ್ನು ಮೇಲ್ಮನವಿ. ಕೆಳಗಿನ ಕೋರ್ಟ್ ಶಿಕ್ಷೆ ಕೊಟ್ಟಿದೆ, ಮೇಲಿನ ಕೋರ್ಟಿನಲ್ಲಿ ಅಪೀಲು ಬಾಕಿ ಇದೆ ಎಂದಿಟ್ಟುಕೊಳ್ಳಿ. ಮೇಲಿನ ಷರತ್ತು ಇದರ ಬಗ್ಗೆ ಏನೂ ಹೇಳುವುದಿಲ್ಲ. ಏನೂ ಹೇಳದಿದ್ದರೆ ಮೊದಲ ತೀರ್ಪೇ ಸಾಕು ಎಂದು ಕಂಪನಿ ವಾದಿಸುತ್ತದೆ, ಬಹಳ ಸಲ ಗೆಲ್ಲುತ್ತದೆ ಕೂಡ.

## ಹಾಗಾದರೆ ಕೇಸ್ ಮುಗಿಯುವವರೆಗೂ ಕಂಪನಿ ಕೈಕಟ್ಟಿ ಕೂರಬೇಕಾ?

ಬೇಕಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಅಪರಾಧ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಒಪ್ಪಂದದ ವಿವಾದದಲ್ಲಿ ಅಷ್ಟು ಬೇಡ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡುತ್ತಾರೆ. ಹೀಗಾಗಿ ಶಿಕ್ಷೆಯ ಷರತ್ತು ಬಿಟ್ಟು ಬೇರೆ ಷರತ್ತುಗಳ ಮೇಲೆ ಕಂಪನಿ ನಡೆಯಬಹುದು. ಕಾನೂನು ಪಾಲಿಸಬೇಕು ಎಂಬ ಷರತ್ತು ಇದ್ದೇ ಇರುತ್ತದೆ. ಸುಳ್ಳು ಲೆಕ್ಕ ಕೊಡಬಾರದು, ಬ್ರ್ಯಾಂಡ್‌ಗೆ ಕೆಟ್ಟ ಹೆಸರು ತರಬಾರದು, ಸಾರ್ವಜನಿಕರ ಆರೋಗ್ಯಕ್ಕೆ ಅಪಾಯ ಮಾಡಬಾರದು ಎಂದೂ ಇರುತ್ತದೆ. ಕಲಬೆರಕೆ ಮಾಡಿದ್ದಕ್ಕೆ ಕಂಪನಿಯ ಬಳಿಯೇ ಲ್ಯಾಬ್ ವರದಿ ಇದ್ದರೆ ಪೊಲೀಸರ ಆರೋಪಪಟ್ಟಿಗಾಗಿ ಕಾಯುವ ಅಗತ್ಯ ಇಲ್ಲ.

ಮಧ್ಯದ ದಾರಿಗಳೂ ಇವೆ. ಆರೋಪ ಇರುವ ವ್ಯಕ್ತಿ ಮಳಿಗೆಯ ದಿನನಿತ್ಯದ ಕೆಲಸದಿಂದ ದೂರ ಇರಬೇಕು, ಕಂಪನಿ ಒಪ್ಪಿದ ಮ್ಯಾನೇಜರ್ ನಡೆಸಬೇಕು ಎಂದು ಎರಡೂ ಕಡೆಯವರು ಬರೆದುಕೊಳ್ಳಬಹುದು. ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಏಳೆಂಟು ಕೇಸಿಗೆ ಇದೇ ಸರಿಯಾದ ಮದ್ದು. ಆದರೆ ಸಿಟ್ಟಿನಲ್ಲಿರುವವರಿಗೆ ಇದು ಮೊದಲು ಹೊಳೆಯುವುದಿಲ್ಲ.

## ಅಪರಾಧಕ್ಕೂ ವ್ಯಾಪಾರಕ್ಕೂ ಸಂಬಂಧ ಇರಲೇಬೇಕಾ? ಮನೆ ಜಗಳದ ಕೇಸಿಗೂ ಮಳಿಗೆ ಹೋಗುತ್ತಾ?

ಇದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರ ಇಲ್ಲ. ಅಮೆರಿಕದ ಒಳಗೇ ನಾಲ್ಕು ತರಹದ ಉತ್ತರ ಸಿಗುತ್ತದೆ.

ನ್ಯೂಜೆರ್ಸಿಯ 1971ರ ಫ್ರಾಂಚೈಸಿ ಕಾಯ್ದೆಯಲ್ಲಿ ರದ್ದು ಮಾಡಲು ಸಾಮಾನ್ಯವಾಗಿ 60 ದಿನದ ನೋಟಿಸ್ ಬೇಕು. ಮಳಿಗೆಯ ವ್ಯಾಪಾರಕ್ಕೇ ನೇರವಾಗಿ ಸಂಬಂಧಪಟ್ಟ ಅಪರಾಧದಲ್ಲಿ ಶಿಕ್ಷೆಯಾದರೆ ಮಾತ್ರ ನೋಟಿಸ್ ಕೈಗೆ ಸಿಕ್ಕ ತಕ್ಷಣ ರದ್ದು. ಇಲಿನಾಯ್ ರಾಜ್ಯದ ಕಾನೂನು ಬೇರೆ ಕಡೆಯಿಂದ ನೋಡುತ್ತದೆ. ಟ್ರೇಡ್‌ಮಾರ್ಕ್‌ನ ಹೆಸರಿಗೆ ಗಣನೀಯ ಪೆಟ್ಟು ಬಿತ್ತಾ ಅನ್ನುವುದು ಅಲ್ಲಿನ ಅಳತೆ. ಕ್ಯಾಲಿಫೋರ್ನಿಯಾದಲ್ಲಿ ಗಂಭೀರ ಅಪರಾಧದ ಶಿಕ್ಷೆ, ಅಥವಾ ಫ್ರಾಂಚೈಸಿ ನಡೆಸುವುದಕ್ಕೆ ಸಂಬಂಧಪಟ್ಟ ಬೇರೆ ಅಪರಾಧ ಕೃತ್ಯ, ಎರಡೂ ತಕ್ಷಣದ ರದ್ದಿಗೆ ಕಾರಣವಾಗಬಹುದು. ಪೆಟ್ರೋಲ್ ಬಂಕ್‌ಗಳಿಗೆ 1978ರ ಪ್ರತ್ಯೇಕ ಫೆಡರಲ್ ಕಾಯ್ದೆ ಇದೆ. ನೈತಿಕ ಅಧಃಪತನದ, ಅಂದರೆ ಮೋಸ, ಕಳ್ಳತನದಂಥ ಕೆಟ್ಟ ನಡತೆಯ, ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಸಾಕು ಎನ್ನುತ್ತದೆ ಅದು. ಬಂಕಿಗೂ ಅಪರಾಧಕ್ಕೂ ಸಂಬಂಧ ಇರಬೇಕು ಎಂದು ಆ ಸಾಲಿನಲ್ಲಿ ಕೇಳುವುದಿಲ್ಲ.

ಮಲೇಷ್ಯಾದ 1998ರ ಫ್ರಾಂಚೈಸಿ ಕಾಯ್ದೆಯೂ ಇಲಿನಾಯ್ ತರಹವೇ, ಬ್ರ್ಯಾಂಡ್‌ನ ಹೆಸರಿಗೆ ಗಣನೀಯ ಪೆಟ್ಟು ಬೀಳಬೇಕು ಎನ್ನುತ್ತದೆ.

ಇಂಥ ಕಾನೂನು ಇಲ್ಲದ ಕಡೆ ಎಲ್ಲವೂ ಒಪ್ಪಂದದ ಮಾತಿನ ಮೇಲೆ ನಿಂತಿದೆ. ವಿವೇಚನೆ ಹೀಗೆ ಸಾಗುತ್ತದೆ: ಮಕ್ಕಳ ಟ್ಯೂಷನ್ ಕೇಂದ್ರ ನಡೆಸುವವರ ಮೇಲೆ ಮಕ್ಕಳ ಮೇಲಿನ ದೌರ್ಜನ್ಯದ ಕೇಸ್ ಸಾಬೀತಾದರೆ, ಅದು ಕೇಂದ್ರದ ಹೊರಗೆ ನಡೆದಿದ್ದರೂ, ಯಾರೂ ಸಂಬಂಧ ಇಲ್ಲ ಎನ್ನಲಾರರು. ಅದೇ ವ್ಯಕ್ತಿ ಕಾರಿನ ವೇಗ ಮೀರಿ ದಂಡ ಕಟ್ಟಿದ್ದರೆ ಅದಕ್ಕೂ ಕೇಂದ್ರಕ್ಕೂ ಏನು ಸಂಬಂಧ? ಆದರೆ ಡೆಲಿವರಿಯೇ ಮುಖ್ಯ ವ್ಯಾಪಾರವಾಗಿ, ಮಾಲೀಕನೇ ಕುಡಿದು ಡೆಲಿವರಿ ಗಾಡಿ ಓಡಿಸಿದರೆ ಲೆಕ್ಕವೇ ಬೇರೆ.

## ಬೇರೆ ದೇಶಗಳಲ್ಲಿ ನಿಯಮ ಹೇಗಿದೆ?

ಆಸ್ಟ್ರೇಲಿಯಾದಲ್ಲಿ ಫ್ರಾಂಚೈಸಿಗೆ ಕಡ್ಡಾಯ ನೀತಿಸಂಹಿತೆ ಇದೆ. ಗಂಭೀರ ಅಪರಾಧದಲ್ಲಿ ಶಿಕ್ಷೆ, ವ್ಯಾಪಾರದಲ್ಲಿ ವಂಚನೆ, ಸಾರ್ವಜನಿಕರ ಆರೋಗ್ಯಕ್ಕೆ ಅಪಾಯ ಇಂಥ ಕಾರಣಗಳಿಗೆ ಮೊದಲು ಕಂಪನಿ ಸಾಮಾನ್ಯ ನೋಟಿಸ್ ಅವಧಿಯನ್ನು ಬಿಟ್ಟು ನಡೆಯಬಹುದಿತ್ತು. 2021ರ ತಿದ್ದುಪಡಿಯಲ್ಲಿ ಇವಕ್ಕೂ 7 ದಿನದ ಲಿಖಿತ ನೋಟಿಸ್ ಕಡ್ಡಾಯ ಮಾಡಿದರು. ಆ ಸಂಹಿತೆಯಲ್ಲಿ 'ಗಂಭೀರ' ಅಪರಾಧ ಎಂದರೆ ಮೊದಲ ಸಲ ಶಿಕ್ಷೆಯಾದರೂ ಕನಿಷ್ಠ 5 ವರ್ಷ ಜೈಲಿಗೆ ಗುರಿಯಾಗಬಹುದಾದ ಅಪರಾಧ. 2025ರ ಏಪ್ರಿಲ್ 1ರಿಂದ ಅಲ್ಲಿ ಹೊಸ ಸಂಹಿತೆ ಜಾರಿಯಲ್ಲಿದೆ.

ಜರ್ಮನಿಯಲ್ಲಿ ಫ್ರಾಂಚೈಸಿಗೆ ಬೇರೆ ಕಾಯ್ದೆ ಇಲ್ಲ. ಅಲ್ಲಿನ ಸಿವಿಲ್ ಸಂಹಿತೆಯ 314ನೇ ಕಲಂ ಪ್ರಕಾರ ಬಲವಾದ ಕಾರಣ ಇದ್ದರೆ ದೀರ್ಘಕಾಲದ ಯಾವ ಒಪ್ಪಂದವನ್ನೂ ತಕ್ಷಣ ಮುರಿಯಬಹುದು. ಆದರೆ ಕಾರಣ ತಿಳಿದ ಮೇಲೆ ಸಮಂಜಸ ಸಮಯದೊಳಗೆ ಮುರಿಯಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯ ಕರಾರು ಕಾನೂನೇ ಎಲ್ಲ.

ಭಾರತದಲ್ಲೂ ಫ್ರಾಂಚೈಸಿಗೆಂದೇ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಇವನ್ನೇ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಹಾಗಾಗಿ ಇಲ್ಲಿ ಕಾಗದದಲ್ಲಿ ಬರೆದ ಪ್ರತಿ ಪದಕ್ಕೂ ಬೆಲೆ ಜಾಸ್ತಿ.

## ತಪ್ಪು ಮಾಡಿದ್ದು ಮಾಲೀಕ ಅಲ್ಲ, ಪಾಲುದಾರ ಅಥವಾ ಕೆಲಸಗಾರ. ಆಗ?

ಮೊದಲು ಒಪ್ಪಂದದಲ್ಲಿ 'ಮಾಲೀಕ' ಅಂದರೆ ಯಾರ್ಯಾರು ಎಂದು ನೋಡಿ. ಮಳಿಗೆ ಮಾಲೀಕರೇ ಕಟ್ಟಿಕೊಂಡ ಸಂಸ್ಥೆಯ ಹೆಸರಲ್ಲಿದ್ದರೆ ಆ ಸಂಸ್ಥೆಯ ನಿರ್ದೇಶಕರು, ಇಷ್ಟು ಶೇಕಡಾಕ್ಕಿಂತ ಹೆಚ್ಚು ಪಾಲು ಇರುವವರು, ವೈಯಕ್ತಿಕ ಗ್ಯಾರಂಟಿ ಕೊಟ್ಟವರು ಎಲ್ಲರನ್ನೂ ಸೇರಿಸಿರುತ್ತಾರೆ. ಕೆಲವು ಒಪ್ಪಂದಗಳಲ್ಲಿ ಗಂಡ ಅಥವಾ ಹೆಂಡತಿಯೂ ಇರುತ್ತಾರೆ. ಇಬ್ಬರು ಪಾಲುದಾರರಲ್ಲಿ ಒಬ್ಬನ ಕೇಸಿನಿಂದ ಇನ್ನೊಬ್ಬರ ಜೀವನವೇ ಮುಳುಗುವ ಪರಿಸ್ಥಿತಿ ಬರುವುದು ಹೀಗೆ. ಇದಕ್ಕೆ ಸಹಿ ಹಾಕುವಾಗಲೇ ಮದ್ದು ಇದೆ: ತಪ್ಪಿತಸ್ಥ ಪಾಲುದಾರನ ಪಾಲನ್ನು ಉಳಿದವರು ಇಷ್ಟು ದಿನದೊಳಗೆ ಕೊಂಡುಕೊಂಡರೆ ರದ್ದು ಮಾಡುವಂತಿಲ್ಲ ಎಂಬ ಒಂದು ಸಾಲು. ಪಾಲುದಾರರ ನಡುವಿನ ಕರಾರಿನಲ್ಲೂ ಅದಕ್ಕೆ ಹೊಂದುವ ಸಾಲು ಇರಬೇಕು, ಇಲ್ಲದಿದ್ದರೆ ಆತ ಮಾರಲು ಒಪ್ಪುವುದಿಲ್ಲ.

ಕೆಲಸಗಾರರ ವಿಷಯ ಸ್ವಲ್ಪ ಸಡಿಲ. ಕೌಂಟರಿನ ಹುಡುಗ ಗ್ರಾಹಕರ ಕಾರ್ಡ್ ಮಾಹಿತಿ ಕದ್ದರೆ ಅದಕ್ಕೇ ಒಪ್ಪಂದ ಹೋಗುವುದು ಅಪರೂಪ. ಮಾಲೀಕನಿಗೆ ಗೊತ್ತಿತ್ತಾ, ಗೊತ್ತಾದ ಮೇಲೆ ಏನು ಮಾಡಿದ, ಕಂಪನಿಗೆ ಹೇಳಿದನಾ ಅನ್ನುವುದೇ ಮುಖ್ಯ. ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಪ್ರತ್ಯೇಕ ತಪ್ಪಾಗುತ್ತದೆ.

## ಮಾರಾಟ ಕಡಿಮೆ ತೋರಿಸುವುದು ಬರೀ ಒಪ್ಪಂದದ ತಪ್ಪಾ, ಅಪರಾಧವೂ ಹೌದಾ?

ಎರಡೂ. ರಾಯಲ್ಟಿಯನ್ನು ಮಾರಾಟದ ಶೇಕಡಾವಾರು ಲೆಕ್ಕದಲ್ಲಿ ಕಟ್ಟುತ್ತಾರೆ. ಮಾರಾಟ ಮುಚ್ಚಿಟ್ಟರೆ ಕಂಪನಿಗೂ ಮೋಸ, ತೆರಿಗೆ ಇಲಾಖೆಗೂ ಮೋಸ. ಫ್ರಾಂಚೈಸಿ ಲೋಕದಲ್ಲಿ ಸಿಗುವ ಅಪರಾಧಗಳಲ್ಲಿ ಇದು ತುಂಬಾ ಮಾಮೂಲಿ.

ಸಿಕ್ಕಿಬೀಳುವುದು ಹೇಗೆ ಗೊತ್ತಾ? ಆಡಿಟರ್ ಬಿಲ್ಲುಗಳನ್ನು ಮೊದಲು ಮುಟ್ಟುವುದೇ ಇಲ್ಲ. ಲೋಟ, ಡಬ್ಬಿ, ಪೊಟ್ಟಣಗಳನ್ನು ಎಣಿಸುತ್ತಾನೆ. ತಿಂಗಳಲ್ಲಿ 9,000 ಲೋಟ ತರಿಸಿದ್ದೀರಿ, ಸ್ಟಾಕಿನಲ್ಲಿ 500 ಉಳಿದಿದೆ, ಬಿಲ್ಲಾಗಿರುವುದು 6,200 ಪಾನೀಯ. ಒಡೆದದ್ದು, ಚೆಲ್ಲಿದ್ದು, ಬಿಟ್ಟಿ ಕೊಟ್ಟದ್ದು ಎಲ್ಲ ಸೇರಿಸಿ 300 ಬಿಡೋಣ. ಉಳಿದ 2,000 ಲೋಟ ಎಲ್ಲಿ? ಆಮೇಲೆ ಬಿಲ್ಲಿಂಗ್ ಯಂತ್ರದ ದಾಖಲೆ ತೆಗೆಯುತ್ತಾನೆ. ರದ್ದಾದ ಬಿಲ್ಲುಗಳು ಯಾವ ಹೊತ್ತಿನಲ್ಲಿ ಜಾಸ್ತಿ, ಬಿಲ್ ನಂಬರಿನ ಸರಣಿಯಲ್ಲಿ ಎಲ್ಲಿ ತೂತು ಇದೆ ಎಂದು ನೋಡುತ್ತಾನೆ. ನಗದು ಬಿಲ್ಲುಗಳನ್ನು ಗುಟ್ಟಾಗಿ ಅಳಿಸುವ ಸಾಫ್ಟ್‌ವೇರ್‌ಗಳಿವೆ, ಝ್ಯಾಪರ್ ಎನ್ನುತ್ತಾರೆ. ಅದನ್ನು ಹೊಂದಿರುವುದೇ ಹಲವು ಕಡೆ ಅಪರಾಧ. ಝ್ಯಾಪರ್ ಬಿಲ್ ಅಳಿಸಬಹುದು, ಖರ್ಚಾದ ಲೋಟ ವಾಪಸ್ ತರಲಾರದು.

ಇಂಥ ಕೇಸಿನಲ್ಲಿ ಕಂಪನಿಗೆ ಶಿಕ್ಷೆಯ ಷರತ್ತೇ ಬೇಕಿಲ್ಲ. ಲೆಕ್ಕ ಸುಳ್ಳು ಎಂಬುದೊಂದೇ ಸಾಕು.

## ಕಂಪನಿಯ ಕಂಪ್ಯೂಟರ್ ಲೆಕ್ಕವೇ ತಪ್ಪಾಗಿದ್ದರೆ?

ತಮಾಷೆಯ ಪ್ರಶ್ನೆ ಅಲ್ಲ. ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣ ನೋಡಿ. ಅಲ್ಲಿ ಶಾಖೆ ನಡೆಸುವ ಸಬ್‌ಪೋಸ್ಟ್‌ಮಾಸ್ಟರ್‌ಗಳು ನೌಕರರಲ್ಲ. ಸ್ವಂತ ದುಡ್ಡಿನಲ್ಲಿ, ಒಪ್ಪಂದದ ಮೇಲೆ ಶಾಖೆ ನಡೆಸುವವರು. ಫ್ರಾಂಚೈಸಿಗೆ ತೀರಾ ಹತ್ತಿರದ ಸಂಬಂಧ. ಫುಜಿತ್ಸು ತಯಾರಿಸಿದ ಹೊರೈಝನ್ ಎಂಬ ಸಾಫ್ಟ್‌ವೇರ್ ಇಲ್ಲದ ಕೊರತೆಯನ್ನು ಇದೆ ಎಂದು ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ದೋಷಿಗಳಾದರು. ಬಹುಪಾಲು ಕೇಸುಗಳನ್ನು ಹಾಕಿದ್ದು ಪೋಸ್ಟ್ ಆಫೀಸೇ. ದೂರುದಾರನೂ ಅದೇ, ಪ್ರಾಸಿಕ್ಯೂಟರೂ ಅದೇ, ಒಪ್ಪಂದ ರದ್ದು ಮಾಡುವ ಪಕ್ಷವೂ ಅದೇ.

2019ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಎರಡು ದೊಡ್ಡ ತೀರ್ಪು ಕೊಟ್ಟಿತು. ಒಂದರಲ್ಲಿ, ಇಂಥ ದೀರ್ಘ ಸಂಬಂಧದ ಒಪ್ಪಂದದಲ್ಲಿ ಪೋಸ್ಟ್ ಆಫೀಸ್ ಸದ್ಭಾವನೆಯಿಂದ ನಡೆದುಕೊಳ್ಳುವ ಹೊಣೆ ಹೊತ್ತಿದೆ ಎಂದಿತು. ಇನ್ನೊಂದರಲ್ಲಿ ಸಾಫ್ಟ್‌ವೇರಿನ ದೋಷಗಳನ್ನು ಬಯಲಿಗೆ ತಂದಿತು. ಕೊನೆಗೆ 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆಯನ್ನೇ ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ಅಳಿಸಿತು. ಅಷ್ಟರಲ್ಲಿ ಎಷ್ಟೋ ಜನರ ಅಂಗಡಿ, ಮನೆ, ಮಾನ ಎಲ್ಲ ಹೋಗಿತ್ತು.

ಮಾಲೀಕರು ಇದರಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟು: ಕಂಪನಿಯ ಸಿಸ್ಟಂ ಒಂದನ್ನೇ ನಂಬಬೇಡಿ. ದಿನದ ನಗದು, ಬ್ಯಾಂಕ್ ಜಮೆ, ಸ್ಟಾಕಿನ ಸ್ವಂತ ದಾಖಲೆ ಬೇರೆ ಇಡಿ. ಕೊರತೆ ಬಂದಾಗ "ಒಪ್ಪಿಕೊಂಡು ಕಟ್ಟಿಬಿಡಿ, ಮುಗಿಯುತ್ತದೆ" ಎಂದು ಯಾರಾದರೂ ಹೇಳಿದರೆ ಸಹಿ ಹಾಕುವ ಮುಂಚೆ ದಾಖಲೆ ಕೇಳಿ.

## ಕಂಪನಿಗೆ ಮೊದಲೇ ಗೊತ್ತಿತ್ತು, ಸುಮ್ಮನಿತ್ತು. ಈಗ ರದ್ದು ಮಾಡಬಹುದಾ?

ಕಷ್ಟ. ತಪ್ಪು ಗೊತ್ತಿದ್ದೂ ತಿಂಗಳುಗಟ್ಟಲೆ ರಾಯಲ್ಟಿ ತೆಗೆದುಕೊಂಡು, ಒಪ್ಪಂದ ನವೀಕರಿಸಿ, ಆಮೇಲೆ ಎದ್ದು ನಿಂತರೆ "ಆಗ ಬಿಟ್ಟುಕೊಟ್ಟಿರಲ್ವಾ" ಎಂದು ನ್ಯಾಯಾಲಯ ಕೇಳುತ್ತದೆ. ಅಮೆರಿಕದ ಪೆಟ್ರೋಲ್ ಬಂಕ್ ಕಾಯ್ದೆಯಲ್ಲಿ ಇದಕ್ಕೆ ಗಡುವೇ ಇದೆ. ಇಂಥ ಕಾರಣ ತಿಳಿದ 120 ದಿನದೊಳಗೆ ನೋಟಿಸ್ ಕೊಡಬೇಕು, ಕಡಿಮೆ ಅವಧಿಯ ನೋಟಿಸ್ ಆದರೆ 60 ದಿನದೊಳಗೆ. ಒಪ್ಪಂದದ ಕೊನೆಯಲ್ಲಿ "ಸುಮ್ಮನಿದ್ದರೆ ಹಕ್ಕು ಬಿಟ್ಟಂತಲ್ಲ" ಎಂಬ ಸಾಲು ಇದ್ದರೆ ಕಂಪನಿಗೆ ಸ್ವಲ್ಪ ರಕ್ಷಣೆ. ಪೂರ್ತಿ ರಕ್ಷಣೆ ಅಲ್ಲ.

## ಮಾಲೀಕ ಜೈಲಿಗೆ ಹೋದರೆ ಮಳಿಗೆ ಯಾರು ನಡೆಸುತ್ತಾರೆ?

ಶಿಕ್ಷೆಯ ಷರತ್ತು ಮುಟ್ಟದಿದ್ದರೂ ಇಲ್ಲಿ ಬೇರೆ ಷರತ್ತು ಕಚ್ಚುತ್ತದೆ. "ಮಾಲೀಕರು ಖುದ್ದು ಪೂರ್ಣಾವಧಿ ನಡೆಸಬೇಕು", "ಇಷ್ಟು ದಿನ ಮುಚ್ಚಿದರೆ ಬಿಟ್ಟುಹೋದಂತೆ" ಎಂಬ ಸಾಲುಗಳು. ಜಾಮೀನು ಸಿಗದೆ ಮೂರು ವಾರ ಒಳಗಿದ್ದರೆ, ಮುಂದೆ ಖುಲಾಸೆ ಆದರೂ ಮಳಿಗೆ ಹೋಗಿರಬಹುದು. ಬ್ಯಾಂಕ್ ಖಾತೆಗೆ ಎರಡನೆಯ ಸಹಿದಾರರು, ಕಂಪನಿಯಿಂದ ತರಬೇತಿ ಪಡೆದ ಮ್ಯಾನೇಜರ್, ಒಂದು ಅಧಿಕಾರ ಪತ್ರ: ಈ ಮೂರು ಮೊದಲೇ ಇದ್ದರೆ ಬಾಗಿಲು ತೆರೆದೇ ಇರುತ್ತದೆ.

ಕೆಲವು ಒಪ್ಪಂದಗಳು ಕಂಪನಿಯೇ ಬಂದು ತಾತ್ಕಾಲಿಕವಾಗಿ ನಡೆಸುವ ಹಕ್ಕು ಕೊಡುತ್ತವೆ. ಕೆಲಸಗಾರರಿಗೆ ಸಂಬಳ ನಿಲ್ಲುವುದಿಲ್ಲ, ಗ್ರಾಹಕರೂ ಉಳಿಯುತ್ತಾರೆ. ಆದರೆ ಅದಕ್ಕೆ ಕಂಪನಿ ಎಷ್ಟು ಶುಲ್ಕ ಹಿಡಿಯುತ್ತದೆ, ಲಾಭ ಯಾರಿಗೆ, ಎಷ್ಟು ದಿನ ಎಂದು ಓದಿ. ಇನ್ನೊಂದು ದಾರಿ ಮಾರಾಟ. ರದ್ದಿನ ನೋಟಿಸ್ ಬರುವ ಮುಂಚೆ ಕಂಪನಿ ಒಪ್ಪುವ ಖರೀದಿದಾರರನ್ನು ತಂದರೆ ಮಾಲೀಕನಿಗೆ ಹಾಕಿದ ದುಡ್ಡಿನಲ್ಲಿ ಏನಾದರೂ ಉಳಿಯುತ್ತದೆ. ನೋಟಿಸ್ ಜಾರಿಯಾದ ಮೇಲೆ ಮಾರಲು ಉಳಿಯುವುದು ಕುರ್ಚಿ ಮೇಜು ಮಾತ್ರ.

## ಒಂದು ಮಳಿಗೆಯ ತಪ್ಪಿಗೆ ನನ್ನ ಉಳಿದ ಮಳಿಗೆಗಳೂ ಹೋಗುತ್ತವಾ?

'ಒಂದರಲ್ಲಿ ತಪ್ಪಿದರೆ ಎಲ್ಲದರಲ್ಲೂ ತಪ್ಪಿದಂತೆ' ಎಂಬ ಷರತ್ತು ಇದ್ದರೆ ಹೋಗಬಹುದು. ಮಾಲೀಕನ ಸ್ವಂತ ಶಿಕ್ಷೆಯಾದರೆ ಆ ಷರತ್ತೂ ಬೇಕಿಲ್ಲ, ಪ್ರತಿ ಒಪ್ಪಂದದಲ್ಲೂ ಅವನೇ ಮಾಲೀಕ ಅಲ್ವಾ.

## ಸರ್ಕಾರವೇ ಫ್ರಾಂಚೈಸಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದಾ?

ಕೆಲವು ದೇಶಗಳಲ್ಲಿ ಆ ಪ್ರಯತ್ನ ಆಗಿದೆ. 2013ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಪ್ರಾಸಿಕ್ಯೂಟರ್‌ಗಳು ಸೆವೆನ್ ಇಲೆವೆನ್ ಎಂಬ ಅಂಗಡಿ ಸರಣಿಯ 9 ಮಂದಿ ಫ್ರಾಂಚೈಸಿ ಮಾಲೀಕರು ಮತ್ತು ಮ್ಯಾನೇಜರ್‌ಗಳ ಮೇಲೆ ಆರೋಪ ಹೊರಿಸಿದರು. ಕದ್ದ ಗುರುತಿನ ಸಂಖ್ಯೆಗಳ ಮೇಲೆ ದಾಖಲೆ ಇಲ್ಲದ ವಲಸಿಗರನ್ನು ಕೆಲಸಕ್ಕೆ ಇಟ್ಟುಕೊಂಡು, ಅವರ ಸಂಬಳದಲ್ಲಿ ದೊಡ್ಡ ಪಾಲು ಕಿತ್ತುಕೊಂಡರು ಎಂಬ ಆರೋಪ. ನ್ಯೂಯಾರ್ಕ್‌ನ 10, ವರ್ಜೀನಿಯಾದ 4 ಮಳಿಗೆಗಳ ಫ್ರಾಂಚೈಸಿ ಹಕ್ಕನ್ನೇ ಮುಟ್ಟುಗೋಲು ಹಾಕಿಕೊಳ್ಳಬೇಕೆಂದು ಸರ್ಕಾರ ಕೇಳಿತು. ಅಂದರೆ ಫ್ರಾಂಚೈಸಿ ಹಕ್ಕು ಎಂಬುದು ಮನೆ, ಕಾರುಗಳ ಹಾಗೆ ಒಂದು ಆಸ್ತಿ ಎಂದು ಅವರು ನೋಡಿದರು. ಹೀಗಾದಾಗ ಕಂಪನಿ ಮತ್ತು ಮಾಲೀಕನ ಜೊತೆ ಮೂರನೆಯ ಪಕ್ಷ ಬಂದು ಕೂತಂತಾಗುತ್ತದೆ.

## ಕೇಸಿನಲ್ಲಿ ಖುಲಾಸೆ ಆದೆ. ಮಳಿಗೆ ವಾಪಸ್ ಸಿಗುತ್ತಾ?

ಬಹುಪಾಲು ಸಿಗುವುದಿಲ್ಲ. ಕೇಳಲು ಕಹಿ, ಆದರೆ ಹೇಳಲೇಬೇಕು. ಖುಲಾಸೆ ಎಂದರೆ ಅಪರಾಧ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ. ಸಿವಿಲ್ ಅಳತೆಯಲ್ಲಿ ಒಪ್ಪಂದದ ತಪ್ಪು ಆಗಿದ್ದರೂ ಆಗಿರಬಹುದು.

ರದ್ದು ತಪ್ಪು ಎಂದು ಸಾಬೀತಾದರೂ ಸಿಗುವುದು ದುಡ್ಡೇ ಹೊರತು ಮಳಿಗೆ ಅಲ್ಲ. ಭಾರತದಲ್ಲಿ ಇದಕ್ಕೆ 1990ರ ಸುಪ್ರೀಂ ಕೋರ್ಟ್ ತೀರ್ಪು ಇದೆ, ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ನಡುವಿನದು. ವಿತರಕನ ಪರವಾಗಿ ಆರ್ಬಿಟ್ರೇಟರ್ (ವಿವಾದ ತೀರ್ಮಾನಿಸುವ ಮಧ್ಯಸ್ಥರು) ವಿತರಣೆಯನ್ನು ವಾಪಸ್ ಕೊಡಿ ಎಂದಿದ್ದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಒಪ್ಪಂದವನ್ನು 30 ದಿನದ ನೋಟಿಸ್ ಕೊಟ್ಟು ಯಾವ ಪಕ್ಷ ಬೇಕಾದರೂ ಕೊನೆಗೊಳಿಸಬಹುದಿತ್ತು. ಅಂಥ ಒಪ್ಪಂದವನ್ನು ಬಲವಂತವಾಗಿ ಮುಂದುವರಿಸಲು ಆಗದು, ಆ 30 ದಿನದ ಗಳಿಕೆಯ ನಷ್ಟವಷ್ಟೇ ಪರಿಹಾರ ಎಂದಿತು. ನಿಮ್ಮ ಒಪ್ಪಂದದಲ್ಲಿ ಕಾರಣ ಹೇಳದೆ ಮುಗಿಸುವ ಇಂಥ ಷರತ್ತು ಇದ್ದರೆ, ಅಪರಾಧದ ಷರತ್ತಿನ ಬಗ್ಗೆ ಎಷ್ಟು ವಾದ ಮಾಡಿದರೂ ಕೈಗೆ ಬರುವುದು ಕಡಿಮೆ.

## ಕ್ರಿಮಿನಲ್ ಕೇಸೂ ಇದೆ, ಒಪ್ಪಂದದ ವಿವಾದವೂ ಇದೆ. ಏನು ಮಾತಾಡಬೇಕು?

ಆದಷ್ಟು ಕಡಿಮೆ. ಕಂಪನಿಗೆ ಕಳಿಸಿದ ಭಾವುಕ ಇಮೇಲ್ ನಾಳೆ ಕ್ರಿಮಿನಲ್ ಕೋರ್ಟಿನಲ್ಲಿ ದಾಖಲೆ ಆಗಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ ರಕ್ಷಣೆ ಭಾರತದಲ್ಲಿ ಸಂವಿಧಾನದ 20(3)ನೇ ವಿಧಿಯಲ್ಲಿದೆ, ಅಮೆರಿಕದಲ್ಲಿ ಐದನೇ ತಿದ್ದುಪಡಿಯಲ್ಲಿದೆ. ಆದರೆ ಸಿವಿಲ್ ವಿವಾದದಲ್ಲಿ ಮೌನವನ್ನು ನಿಮ್ಮ ವಿರುದ್ಧ ಓದಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಮಾತಾಡಿದರೂ ಕಷ್ಟ, ಮಾತಾಡದಿದ್ದರೂ ಕಷ್ಟ. ಅದಕ್ಕೇ ಕ್ರಿಮಿನಲ್ ಕೇಸ್ ಮುಗಿಯುವವರೆಗೆ ಸಿವಿಲ್ ವಿಚಾರಣೆ ತಡೆಹಿಡಿಯಿರಿ ಎಂದು ಕೇಳುವುದು ವಾಡಿಕೆ. ನ್ಯಾಯಾಧೀಶರು ಯಾವಾಗಲೂ ಒಪ್ಪುತ್ತಾರೆ ಎಂದಲ್ಲ.

ಒಪ್ಪಂದದಲ್ಲಿ "ಕೇಸ್ ಬಿದ್ದರೆ ಇಷ್ಟು ದಿನದೊಳಗೆ ತಿಳಿಸಬೇಕು" ಎಂದಿದ್ದರೆ ಮಾತ್ರ ತಿಳಿಸಲೇಬೇಕು. ಕೇಸ್ ನಂಬರ್, ಕೋರ್ಟ್, ದಿನಾಂಕ. ಕತೆ ಬೇಡ.

## ಮಾಲೀಕನ ಅಪರಾಧಕ್ಕೆ ಕಂಪನಿಯೂ ಹೊಣೆಯಾಗುತ್ತಾ?

ಸಾಮಾನ್ಯವಾಗಿ ಇಲ್ಲ, ಏಕೆಂದರೆ ಇಬ್ಬರೂ ಬೇರೆ ಬೇರೆ ವ್ಯಾಪಾರಿಗಳು. 2014ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಡಾಮಿನೋಸ್ ವಿರುದ್ಧದ ಪ್ರಕರಣದಲ್ಲಿ ಇದನ್ನೇ ಹೇಳಿತು. ಫ್ರಾಂಚೈಸಿ ಮಳಿಗೆಯ ಮೇಲ್ವಿಚಾರಕನೊಬ್ಬ ಲೈಂಗಿಕ ಕಿರುಕುಳ ಕೊಟ್ಟ ಎಂಬ ದೂರು ಅದು. ಕೆಲಸಕ್ಕೆ ತೆಗೆದುಕೊಳ್ಳುವುದು, ಶಿಸ್ತು ಕ್ರಮ ಇವುಗಳ ಮೇಲೆ ಕಂಪನಿಗೆ ದಿನನಿತ್ಯದ ಹಿಡಿತ ಇರಲಿಲ್ಲವಾದ್ದರಿಂದ ಹೊಣೆಯೂ ಇಲ್ಲ ಎಂದಿತು. ಆಸ್ಟ್ರೇಲಿಯಾ ಇನ್ನೊಂದು ದಿಕ್ಕು ಹಿಡಿದಿದೆ. ಅಲ್ಲಿ 2017ರ ತಿದ್ದುಪಡಿಯಂತೆ, ಮಾಲೀಕರು ಸಂಬಳ ವಂಚಿಸುವುದು ಗೊತ್ತಿದ್ದೂ ಅಥವಾ ಗೊತ್ತಿರಬೇಕಾಗಿದ್ದೂ ತಡೆಯಲು ಸಮಂಜಸ ಕ್ರಮ ತೆಗೆದುಕೊಳ್ಳದ ಕಂಪನಿಯೂ ಹೊಣೆ ಹೊರಬೇಕಾಗಬಹುದು.

ಕಂಪನಿಗಳಿಗೆ ಇದು ಇಕ್ಕಟ್ಟು. ಹಿಡಿತ ಜಾಸ್ತಿ ಮಾಡಿದರೆ ಹೊಣೆ ಬರುತ್ತದೆ, ಕಣ್ಣು ಮುಚ್ಚಿದರೂ ಬರುತ್ತದೆ.

## ಉಲ್ಟಾ ಆದರೆ? ಕಂಪನಿಯವರೇ ಅಪರಾಧ ಮಾಡಿದರೆ ನಾನು ಹೊರಬರಬಹುದಾ?

ಒಪ್ಪಂದ ತೆಗೆದು ನೋಡಿ. ಮಾಲೀಕನ ಅಪರಾಧಕ್ಕೆ ಅರ್ಧ ಪುಟ ಇರುತ್ತದೆ, ಕಂಪನಿಯ ನಿರ್ದೇಶಕರ ಅಪರಾಧಕ್ಕೆ ಒಂದು ಸಾಲೂ ಇರುವುದಿಲ್ಲ. ಬರೆಯುವವರು ಅವರೇ, ಹಾಗಾಗಿ ಆಶ್ಚರ್ಯ ಏನೂ ಇಲ್ಲ. ಕಂಪನಿಯ ಮುಖ್ಯಸ್ಥ ಜೈಲಿಗೆ ಹೋಗಿ ಗ್ರಾಹಕರು ಬ್ರ್ಯಾಂಡ್ ಬಿಟ್ಟು ಓಡಿದರೂ ಮಾಲೀಕ ರಾಯಲ್ಟಿ ಕಟ್ಟುತ್ತಲೇ ಇರಬೇಕಾಗುತ್ತದೆ. ಫ್ರಾಂಚೈಸಿ ಮಾರುವಾಗಲೇ ಸುಳ್ಳು ಹೇಳಿದ್ದರು ಎಂದು ತೋರಿಸಬಲ್ಲವರಿಗೆ ಸ್ಥಿತಿ ಬೇರೆ. ಮೋಸದಿಂದ ಮಾಡಿಸಿದ ಒಪ್ಪಂದವನ್ನು ಮೋಸಹೋದವರು ರದ್ದುಪಡಿಸಬಹುದು.

ಅಮೆರಿಕದ ಫ್ರಾಂಚೈಸಿ ನಿಯಮದ ಪ್ರಕಾರ ಸಹಿಗೆ ಕನಿಷ್ಠ 14 ದಿನ ಮುಂಚೆ ಮಾಹಿತಿ ದಾಖಲೆ ಕೊಡಬೇಕು. ಅದರ 3ನೇ ಅಂಶದಲ್ಲಿ ಕಂಪನಿ ಮತ್ತು ಅದರ ಮುಖ್ಯರ ಕಳೆದ 10 ವರ್ಷದ ಗಂಭೀರ ಶಿಕ್ಷೆಗಳು ಇರಬೇಕು. ಅಂಥ ನಿಯಮ ಇಲ್ಲದ ಕಡೆ ನೀವೇ ಬರವಣಿಗೆಯಲ್ಲಿ ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

## ರದ್ದಾದ ಮೇಲೆ ಏನೇನು ಮಾಡಬೇಕಾಗುತ್ತದೆ?

ಬೋರ್ಡ್ ಇಳಿಸಬೇಕು, ಬಣ್ಣ ಬದಲಿಸಬೇಕು, ಕೈಪಿಡಿ ವಾಪಸ್ ಕೊಡಬೇಕು, ಫೋನ್ ನಂಬರ್ ಮತ್ತು ಸೋಷಿಯಲ್ ಮೀಡಿಯಾ ಖಾತೆ ಬಿಟ್ಟುಕೊಡಬೇಕು. ರದ್ದಿನ ವಿರುದ್ಧ ಕೇಸ್ ಹಾಕಿದ್ದೇನೆ ಎಂದು ಬೋರ್ಡ್ ಹಾಗೇ ಇಟ್ಟರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ಹೊಸ ಕೇಸ್ ತಲೆ ಮೇಲೆ ಬರುತ್ತದೆ. ಕಟ್ಟಡದ ಬಾಡಿಗೆ ಕರಾರು ಬೇರೆಯದು. ಅದು ರದ್ದಾಗುವುದಿಲ್ಲ, ಬಾಡಿಗೆ ನಿಲ್ಲುವುದಿಲ್ಲ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿಯೂ ಹಾಗೇ. ವಿಮೆಯ ಮೇಲೆ ತುಂಬಾ ಆಸೆ ಇಡಬೇಡಿ: ಕೆಲಸಗಾರರು ಕದ್ದರೆ ಕೊಡುವ ಪಾಲಿಸಿ, ಮಾಲೀಕನೇ ಮಾಡಿದ ಅಪರಾಧಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ.

ಅದೇ ತರಹದ ವ್ಯಾಪಾರವನ್ನು ಮುಂದೆ ಮಾಡಬಾರದು ಎಂಬ ಷರತ್ತು ಎಷ್ಟು ಗಟ್ಟಿ ಅನ್ನುವುದು ದೇಶದ ಮೇಲೆ ನಿಂತಿದೆ. ಭಾರತದ ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರನ್ನು ಅಸಿಂಧು ಎನ್ನುತ್ತದೆ. ಒಪ್ಪಂದ ನಡೆಯುತ್ತಿರುವಾಗ ಎದುರಾಳಿ ಬ್ರ್ಯಾಂಡ್ ಜೊತೆ ಸೇರಬಾರದು ಎಂಬ ನಿರ್ಬಂಧವನ್ನು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಮುಗಿದ ಮೇಲಿನ ನಿರ್ಬಂಧಕ್ಕೆ ಇಲ್ಲಿ ಅಷ್ಟು ಬಲ ಇಲ್ಲ.

## ನನಗೆ ಹಳೆಯದೊಂದು ಶಿಕ್ಷೆ ಇದೆ. ಫ್ರಾಂಚೈಸಿ ಕೇಳಬಹುದಾ?

ಕೇಳಬಹುದು. ಹಲವು ಕಂಪನಿಗಳು ಹಳೆಯ, ವ್ಯಾಪಾರಕ್ಕೆ ಸಂಬಂಧ ಇಲ್ಲದ ಕೇಸಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಜಿಯಲ್ಲಿ "ಎಂದಾದರೂ ಶಿಕ್ಷೆಯಾಗಿದೆಯೇ" ಎಂದು ಕೇಳಿದ ಜಾಗದಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಮಾತ್ರ, ಐದು ವರ್ಷ ಚೆನ್ನಾಗಿ ನಡೆಸಿದ ಮೇಲೂ ಆ ಒಂದು ಗುರುತಿನಿಂದಲೇ ಒಪ್ಪಂದ ಹೋಗಬಹುದು. ಆಗ ಕಂಪನಿ ಎತ್ತುವುದು ಹಳೆಯ ಅಪರಾಧವನ್ನಲ್ಲ, ಅರ್ಜಿಯ ಸುಳ್ಳನ್ನು. ಅದಕ್ಕೆ ಕಾಲಾವಕಾಶ ಕೊಟ್ಟು ಸರಿಪಡಿಸಿಕೊಳ್ಳಿ ಎಂದು ಹೇಳುವ ಒಪ್ಪಂದಗಳು ಕಡಿಮೆ.